ಆದಿತ್ಯ ಕರಿಕಾಲನ ಕೊಲೆ: ಉಡೈಯಾರ್‌ಗುಡಿ ಶಾಸನ ಹೇಳುವುದೆಷ್ಟು?

ಮದ್ದೂರು ತಾಲ್ಲೂಕಿನ ಆತಕೂರು ಶಾಸನ ನಿಮಗೆಲ್ಲ ಗೊತ್ತೇ ಇದೆ. ಕಾಳಿ ಎಂಬ ನಾಯಿಯ ಸಾವನ್ನು ದಾಖಲಿಸಿದ ಆ ಕಲ್ಲೇ, ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ ಅಂತಲೂ ಹೇಳುತ್ತದೆ. ಮುಚ್ಚುಮರೆ ಏನಿಲ್ಲ. ಆದರೆ ಅದೇ ರಾಜಾದಿತ್ಯನ ತಮ್ಮನ ಮೊಮ್ಮಗ, ಯುವರಾಜ ಆದಿತ್ಯ ಕರಿಕಾಲ ಸುಮಾರು ಕ್ರಿ.ಶ. 970ರ ಹೊತ್ತಿಗೆ ಕೊಲೆಯಾದದ್ದು ನಮಗೆ ತಿಳಿಯುವುದು ಒಂದು ಜಮೀನಿನ ದಾಖಲೆಯಿಂದ!

2022ರಲ್ಲಿ 'ಪೊನ್ನಿಯಿನ್ ಸೆಲ್ವನ್' ಸಿನಿಮಾ ಬಂದಾಗ ಆಫೀಸಿನ ಕ್ಯಾಂಟೀನಿನಲ್ಲಿ ನಾನು ಜೋರಾಗಿ ವಾದಿಸಿದ್ದೆ: ಕೊಲ್ಲಿಸಿದವನು ಚಿಕ್ಕಪ್ಪ ಉತ್ತಮ ಚೋಳನೇ, ಸಿಂಹಾಸನ ಸಿಕ್ಕಿದ್ದು ಅವನಿಗೇ ತಾನೆ? ನೀಲಕಂಠ ಶಾಸ್ತ್ರಿಗಳಂಥ ದೊಡ್ಡ ವಿದ್ವಾಂಸರೂ ಅವನನ್ನು ಸಂಶಯಿಸಿದ್ದಾರೆ ಅನ್ನುವ ಧೈರ್ಯ ಬೇರೆ. ಆಮೇಲೆ ಶಾಸನಪಾಠವನ್ನು ಸಾಲು ಸಾಲಾಗಿ ಓದಲು ಕೂತೆ.

ಶಾಸನ ಇರುವುದು ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್‌ನ ಅನಂತೀಶ್ವರ ದೇವಾಲಯದಲ್ಲಿ. ಊರಿನ ಹಳೆಯ ಹೆಸರು ವೀರನಾರಾಯಣ ಚತುರ್ವೇದಿಮಂಗಲ. ಕಾಲ, 'ರಾಜಕೇಸರಿ'ಯ 2ನೇ ಆಳ್ವಿಕೆಯ ವರ್ಷ. ಯಾವ ರಾಜಕೇಸರಿ? ಚೋಳರು ರಾಜಕೇಸರಿ, ಪರಕೇಸರಿ ಬಿರುದುಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಧರಿಸುತ್ತಿದ್ದರು. ಆದಿತ್ಯನ ತಂದೆ ಸುಂದರ ಚೋಳನೂ ರಾಜಕೇಸರಿಯೇ. ಆದರೆ ಅವನ 2ನೇ ವರ್ಷದಲ್ಲಿ ಆದಿತ್ಯ ಇನ್ನೂ 'ಪಾಂಡ್ಯನ ತಲೆ ಕೊಂಡವ' ಆಗಿರಲಿಲ್ಲ. ಶಾಸನ ಕರೆಯುವುದು ಹಾಗೆಯೇ. ಉತ್ತಮ ಚೋಳ ಪರಕೇಸರಿ. ಉಳಿಯುವುದು 985ರಲ್ಲಿ ಪಟ್ಟಕ್ಕೆ ಬಂದ ತಮ್ಮ, ರಾಜರಾಜ. ಅಂದರೆ ಕೊಲೆಯಾಗಿ ಹತ್ತಿರ ಹತ್ತಿರ 16 ವರ್ಷದ ಮೇಲಿನ ದಾಖಲೆ.

ಕರಿಕಾಲನನ್ನು ಕೊಂದ ದ್ರೋಹಿಗಳು ಅಂತ ಶಾಸನ ಹೆಸರಿಸುವುದು ಸೋಮನ್, ರವಿದಾಸನ್ ಉರುಫ್ ಪಂಚವನ್ ಬ್ರಹ್ಮಾಧಿರಾಜ, ಪರಮೇಶ್ವರನ್ ಉರುಫ್ ಇರುಮುಡಿಚೋಳ ಬ್ರಹ್ಮಾಧಿರಾಜ ಇವರನ್ನು. ಪಂಚವನ್ ಅಂದರೆ ಪಾಂಡ್ಯ; ಹಾಗಾಗಿ ಇದು ವೀರಪಾಂಡ್ಯನ ಪರವಾದ ಸೇಡು ಅಂತ ಹಲವರ ವಾದ. ಸರಿ, ಆದರೆ ಇನ್ನೊಬ್ಬನ ಬಿರುದಿನಲ್ಲಿ ಚೋಳನೇ ಇದ್ದಾನಲ್ಲ! ಬಿರುದನ್ನೇ ಸಾಕ್ಷಿ ಮಾಡುವುದಾದರೆ ಎರಡನ್ನೂ ತೂಗಬೇಕು.

ಇನ್ನು ಉತ್ತಮ ಚೋಳ. ಶಾಸನದಲ್ಲಿ ಅವನ ಹೆಸರಿಲ್ಲ, ಕೊಲೆಯ ಕಾರಣವೂ ಇಲ್ಲ. ಚಿಕ್ಕಪ್ಪನಿಗೆ ರಾಜ್ಯದ ಆಸೆ ಇರುವವರೆಗೆ ತನಗದು ಬೇಡ ಅಂತ ರಾಜರಾಜ ಪಟ್ಟ ನಿರಾಕರಿಸಿದ ಎಂದು ತಿರುವಾಲಂಗಾಡು ತಾಮ್ರಪಟ ಹೇಳುತ್ತದೆ. ಆಸೆ ಇತ್ತು, ನಿಜ. ಆಸೆಯೇ ಅಪರಾಧವಲ್ಲ. ಅವನ ತಾಯಿ ಸೆಂಬಿಯನ್ ಮಹಾದೇವಿ ರಾಜರಾಜನ ಕಾಲದಲ್ಲೂ ಗೌರವದಿಂದ ಇದ್ದಳು. ಮಗ ಮಧುರಾಂತಕ ಗಂಡರಾದಿತ್ಯ ರಾಜರಾಜನ ಅಧಿಕಾರಿಯಾಗಿ ದೇವಸ್ಥಾನಗಳ ಲೆಕ್ಕ ನೋಡಿಕೊಂಡ. ಅಣ್ಣನನ್ನು ಕೊಲ್ಲಿಸಿದವನ ಮನೆಯವರನ್ನು ಹೀಗೆ ನಡೆಸಿಕೊಳ್ಳುತ್ತಾರಾ? ಇದು ಪೂರ್ತಿ ಪುರಾವೆ ಅಲ್ಲ, ಒಪ್ಪುತ್ತೇನೆ. ಆದರೆ ಆಪಾದನೆಗೆ ಅಷ್ಟೂ ಆಧಾರವಿಲ್ಲ.

ದ್ರೋಹಿಗಳ ಮನೆಯವರ ಕಥೆಯೇ ಬೇರೆ. ಯಾರ ಯಾರ ಆಸ್ತಿ ಮುಟ್ಟುಗೋಲು ಎಂಬ ಪಟ್ಟಿ ನೋಡಿ: ತಮ್ಮಂದಿರು, ಮಕ್ಕಳು, ಹೆಂಡತಿಯರು, ಹೆಣ್ಣು ಕೊಟ್ಟ ಮಾವಂದಿರು, ಸೋದರಮಾವಂದಿರು, ಅಕ್ಕತಂಗಿಯರನ್ನು ಮದುವೆಯಾದವರು, ಕೊನೆಗೆ ಹೆಣ್ಣುಮಕ್ಕಳ ಗಂಡಂದಿರು! 16 ವರ್ಷದ ಹಿಂದಿನ ಕೊಲೆಗೆ ಆಮೇಲೆ ಮದುವೆಯಾಗಿ ಬಂದ ಅಳಿಯನೂ ಜಮೀನು ಕಳೆದುಕೊಂಡಿರಬಹುದು.

ಕೊಲೆಗಾರರಿಗೆ ಏನಾಯಿತು ಎಂದು ಕಲ್ಲು ಹೇಳುವುದಿಲ್ಲ. ಅದು ತೀರ್ಪಲ್ಲ, ಆಸ್ತಿಪತ್ರ. ಕೇಳದ ಪ್ರಶ್ನೆಗೆ ಅದರ ಬಾಯಿಂದ ಉತ್ತರ ಹೇಳಿಸಿದ್ದು ನಾನು. ಕ್ಯಾಂಟೀನಿನ ಗೆಳೆಯರಿಗೆ ತಪ್ಪೊಪ್ಪಿಗೆ ಕೊಟ್ಟಾಗಿದೆ. ಉತ್ತಮ ಚೋಳನಿಗೆ ಕೊಡುವುದು ಬಾಕಿ ಇತ್ತು, ಅದಕ್ಕೇ ಈ ಬರಹ.