ಮಾಕ್ ಚಂಕ್ ಕಾರಾಗೃಹ: ಒಂದು ಕೌಂಟಿ ಸೆರೆಮನೆಯ ಚರಿತ್ರೆ

ಇತಿಹಾಸ ಬರವಣಿಗೆಯಲ್ಲಿ ಕೋಟೆ, ಅರಮನೆ, ದೇವಾಲಯಗಳಿಗೆ ದೊರೆತಷ್ಟು ಗಮನ ಸೆರೆಮನೆಗಳಿಗೆ ದೊರೆತಿಲ್ಲ. ಆದರೆ ಒಂದು ಸಮಾಜದಲ್ಲಿ ಅಧಿಕಾರ ಯಾರ ಕೈಯಲ್ಲಿತ್ತು, ಅದು ಯಾವ ರೀತಿಯಲ್ಲಿ ಚಲಾವಣೆಯಾಯಿತು ಎಂಬುದನ್ನು ಅರಿಯಲು ಸೆರೆಮನೆಯೂ ಒಂದು ಮುಖ್ಯ ಆಕರ. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಕಾರ್ಬನ್ ಕೌಂಟಿಯ ಹಳೆಯ ಕಾರಾಗೃಹ ಇದಕ್ಕೆ ನಿದರ್ಶನ. ಕೌಂಟಿಯೆಂಬುದು ಸ್ಥೂಲವಾಗಿ ಭಾರತದ ಜಿಲ್ಲೆಗೆ ಸಮನಾದ ಆಡಳಿತ ಘಟಕ. ಅದಕ್ಕೆ ತನ್ನದೇ ಆದ ನ್ಯಾಯಾಲಯ, ಷೆರಿಫ್ ಮತ್ತು ಸೆರೆಮನೆ ಇರುತ್ತವೆ.

ಹಿನ್ನೆಲೆ

ಕೌಂಟಿಯ ಕೇಂದ್ರವಾದ ಮಾಕ್ ಚಂಕ್ ಪಟ್ಟಣ ಲೀಹೈ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಬೆಳೆಯಿತು. ಈ ಬೆಳವಣಿಗೆಗೆ ಕಾರಣ ಸುತ್ತಲ ಬೆಟ್ಟಗಳಲ್ಲಿ ದೊರೆತ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಗಣಿಯಿಂದ ನದಿದಂಡೆಗೆ ಬಂಡಿಗಳು ಇಳಿಜಾರಿನಲ್ಲಿ ತಮ್ಮ ಭಾರದಿಂದಲೇ ಉರುಳಿ ಬರುವ ಹಳಿಮಾರ್ಗ 1827ರಲ್ಲಿಯೇ ಆರಂಭವಾಯಿತು. 1843ರಲ್ಲಿ ರಚನೆಯಾದ ಕೌಂಟಿಯ ಹೆಸರು ಕೂಡ ಕಲ್ಲಿದ್ದಲನ್ನೇ ಸೂಚಿಸುತ್ತದೆ. 1845ರಿಂದ ಐರ್ಲೆಂಡಿನಲ್ಲಿ ತಲೆದೋರಿದ ಮಹಾಕ್ಷಾಮದ ಪರಿಣಾಮವಾಗಿ ವಲಸೆ ಬಂದ ಐರಿಷ್ ಕ್ಯಾಥೊಲಿಕರು ಈ ಗಣಿಗಳಲ್ಲಿ ದುಡಿಮೆಗೆ ಸೇರಿದರು. ಗಣಿಯ ಮೇಲ್ವಿಚಾರಕರಲ್ಲಿ ವೇಲ್ಸ್ ಮತ್ತು ಇಂಗ್ಲೆಂಡ್ ಮೂಲದವರೇ ಹೆಚ್ಚು. ಹೀಗಾಗಿ ಕೂಲಿಯ ಕಲಹದೊಡನೆ ಜನಾಂಗ, ಧರ್ಮಗಳ ವೈಮನಸ್ಯವೂ ಬೆರೆಯಿತು.

ಕಟ್ಟಡದ ಸ್ವರೂಪ

ಪಟ್ಟಣದ ಬ್ರಾಡ್‌ವೇ ಬೀದಿಯ ಮೇಲ್ಭಾಗದಲ್ಲಿ 1871ರ ವೇಳೆಗೆ ಈ ಕಾರಾಗೃಹ ಪೂರ್ಣಗೊಂಡಿತು. ಇದರ ವಾಸ್ತುಶಿಲ್ಪಿ ಎಡ್ವರ್ಡ್ ಹ್ಯಾವಿಲ್ಯಾಂಡ್. ಒಬ್ಬೊಬ್ಬ ಕೈದಿಯನ್ನೂ ಪ್ರತ್ಯೇಕ ಕೋಣೆಯಲ್ಲಿರಿಸಿ ಪಶ್ಚಾತ್ತಾಪಕ್ಕೆ ಪ್ರೇರೇಪಿಸಬೇಕೆಂಬ ತತ್ತ್ವದ ಮೇಲೆ ಫಿಲಡೆಲ್ಫಿಯಾದ ಪ್ರಸಿದ್ಧ ಈಸ್ಟರ್ನ್ ಸ್ಟೇಟ್ ಕಾರಾಗೃಹವನ್ನು ರೂಪಿಸಿದ ಜಾನ್ ಹ್ಯಾವಿಲ್ಯಾಂಡ್ ಈತನ ತಂದೆ. ಮಾಕ್ ಚಂಕ್‌ನ ಕಟ್ಟಡ ಒರಟು ಕಲ್ಲಿನ ದಪ್ಪ ಗೋಡೆಗಳು ಹಾಗೂ ಕಾವಲು ಗೋಪುರದಿಂದ ಕೋಟೆಯನ್ನು ನೆನಪಿಸುತ್ತದೆ. ಮುಂಭಾಗದಲ್ಲಿ ಜೈಲಧಿಕಾರಿಯ ವಾಸದ ಕೋಣೆಗಳು, ಹಿಂದೆ ಕೈದಿಗಳ ಕೋಣೆಗಳು, ನೆಲಮಾಳಿಗೆಯಲ್ಲಿ ಏಕಾಂತ ಶಿಕ್ಷೆಯ ಕತ್ತಲೆಕೋಣೆಗಳಿವೆ.

ಸಣ್ಣ ಪಟ್ಟಣವೊಂದರ ಸೆರೆಮನೆಯಲ್ಲಿ ಗಲ್ಲುಗಂಬಕ್ಕೆ ಎಡೆ ದೊರೆತುದಕ್ಕೆ ಶಾಸನದ ಹಿನ್ನೆಲೆಯಿದೆ. ಪೆನ್ಸಿಲ್ವೇನಿಯಾ 1834ರಲ್ಲಿ ಬಹಿರಂಗ ಗಲ್ಲುಶಿಕ್ಷೆಯನ್ನು ರದ್ದುಗೊಳಿಸಿ, ಆಯಾ ಕೌಂಟಿಯ ಸೆರೆಮನೆಯ ಆವರಣದೊಳಗೇ ಅದು ಜಾರಿಯಾಗಬೇಕೆಂದು ವಿಧಿಸಿತು. 1913ರ ಕಾನೂನು ವಿದ್ಯುತ್ ಕುರ್ಚಿಯನ್ನು ತಂದು ಈ ಹೊಣೆಯನ್ನು ರಾಜ್ಯಕ್ಕೆ ವರ್ಗಾಯಿಸುವವರೆಗೆ ಇದೇ ವ್ಯವಸ್ಥೆ ಮುಂದುವರಿಯಿತು.

ವಿಚಾರಣೆಗಳು

ಕಟ್ಟಡ ಪೂರ್ಣಗೊಂಡ 1871ರ ಡಿಸೆಂಬರ್‌ನಲ್ಲಿ ಮಾರ್ಗನ್ ಪೊವೆಲ್ ಎಂಬ ಗಣಿ ಅಧಿಕಾರಿಯ ಕೊಲೆಯಾಯಿತು. ಇಂಥ ಕೃತ್ಯಗಳನ್ನು 'ಮಾಲಿ ಮಗ್ವೈರ್ಸ್' ಎಂಬ ಐರಿಷ್ ಗುಪ್ತಕೂಟಕ್ಕೆ ಆರೋಪಿಸಲಾಯಿತು. ಫಿಲಡೆಲ್ಫಿಯಾ ಮತ್ತು ರೀಡಿಂಗ್ ರೈಲ್ವೆ ಕಂಪನಿಯ ಅಧ್ಯಕ್ಷ ಫ್ರಾಂಕ್ಲಿನ್ ಗೋವೆನ್ 1873ರಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯ ನೆರವು ಪಡೆದನು. ಆ ಸಂಸ್ಥೆಯ ಜೇಮ್ಸ್ ಮೆಕ್‌ಪಾರ್ಲನ್ ಹೆಸರು ಮರೆಸಿಕೊಂಡು ಗಣಿಗಾರರ ನಡುವೆ ಸೇರಿದನು. 1875ರ ದೀರ್ಘ ಮುಷ್ಕರ ಸೋಲಿನಲ್ಲಿ ಕೊನೆಗೊಂಡು, 1868ರಲ್ಲಿ ಹುಟ್ಟಿದ್ದ ಕಾರ್ಮಿಕ ಸಂಘ ಮುರಿದುಬಿದ್ದಿತು. ಅದೇ ವರ್ಷ ಸೆಪ್ಟೆಂಬರ್ 3ರಂದು ಗಣಿ ಮೇಲ್ವಿಚಾರಕ ಜಾನ್ ಪಿ. ಜೋನ್ಸ್ ಹತನಾದನು. ಅಂದೇ ಮೂವರು ಸೆರೆಸಿಕ್ಕರು. ಅವರಲ್ಲೊಬ್ಬನಾದ ಜೇಮ್ಸ್ ಕೆರಿಗನ್ ಮುಂದೆ ಮಾಫಿ ಸಾಕ್ಷಿಯಾದನು.

1876ರಲ್ಲಿ ಮಾಕ್ ಚಂಕ್‌ನಲ್ಲಿ ನಡೆದ ವಿಚಾರಣೆಗಳ ಕ್ರಮ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಸರ್ಕಾರದ ಪರ ವಾದಿಸಿದವರಲ್ಲಿ ಪ್ರಮುಖನಾದ ಚಾರ್ಲ್ಸ್ ಆಲ್‌ಬ್ರೈಟ್ ಕಲ್ಲಿದ್ದಲು ಕಂಪನಿಯ ವಕೀಲ. ಅಂತರ್ಯುದ್ಧದ ಸೇನಾ ಸಮವಸ್ತ್ರವನ್ನು ಧರಿಸಿ ಅವನು ನ್ಯಾಯಾಲಯಕ್ಕೆ ಬಂದಿದ್ದನು. ಜ್ಯೂರಿಯಲ್ಲಿ ಐರಿಷ್ ಕ್ಯಾಥೊಲಿಕರಿಗೆ ಅವಕಾಶವಿರಲಿಲ್ಲ. ಗಣಿ ಪ್ರದೇಶದ 'ಕಲ್ಲಿದ್ದಲು ಮತ್ತು ಕಬ್ಬಿಣ ಪೊಲೀಸ್' ಪಡೆಗೆ ಅಧಿಕಾರ ನೀಡಿದ್ದು ರಾಜ್ಯ, ಸಂಬಳ ನೀಡುತ್ತಿದ್ದುದು ಕಂಪನಿಗಳು. ಪತ್ತೇದಾರಿಯಿಂದ ವಾದದವರೆಗೆ ಉದ್ಯಮಪತಿಗಳ ಹಿಡಿತವಿದ್ದಲ್ಲಿ ಕೌಂಟಿಯ ಪಾಲಿಗೆ ಉಳಿದದ್ದು ಪೀಠ, ಸೆರೆ ಮತ್ತು ನೇಣು.

1877ರ ಜೂನ್ 21ರಂದು ಅಲೆಕ್ಸಾಂಡರ್ ಕ್ಯಾಂಪ್‌ಬೆಲ್, ಮೈಕೆಲ್ ಡೊಯ್ಲ್, ಎಡ್ವರ್ಡ್ ಕೆಲ್ಲಿ ಹಾಗೂ ಜಾನ್ ಡೊನಹ್ಯೂ ಎಂಬ ನಾಲ್ವರನ್ನು ಈ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಅದೇ ದಿನ ನೆರೆಯ ಕೌಂಟಿಯ ಪಾಟ್ಸ್‌ವಿಲ್‌ನಲ್ಲಿ ಆರು ಮಂದಿ ನೇಣಿಗೇರಿದರು. 1878ರ ಮಾರ್ಚ್ 28ರಂದು ಥಾಮಸ್ ಫಿಷರ್‌ನಿಗೆ ಇಲ್ಲಿಯೇ ಶಿಕ್ಷೆಯಾಯಿತು. 1879ರ ಜನವರಿ 14ರಂದು ಜೇಮ್ಸ್ ಮೆಕ್‌ಡಾನಲ್ ಮತ್ತು ಚಾರ್ಲ್ಸ್ ಶಾರ್ಪ್‌ರ ಸರದಿ. ಅವರ ಶಿಕ್ಷೆಯನ್ನು ಮುಂದೂಡಿ ರಾಜ್ಯಪಾಲರು ಕಳುಹಿಸಿದ ತಂತಿ ಸಂದೇಶ ಸೆರೆಮನೆಯನ್ನು ತಲುಪುವಷ್ಟರಲ್ಲಿ ಕಾಲ ಮೀರಿತ್ತು. ಹೀಗೆ ಇಲ್ಲಿ ಪ್ರಾಣ ತೆತ್ತವರು ಒಟ್ಟು ಏಳು ಮಂದಿ.

ಐತಿಹ್ಯ ಮತ್ತು ಇತಿಹಾಸ

17ನೆಯ ಕೋಣೆಯ ಗೋಡೆಯಲ್ಲಿರುವ ಅಂಗೈ ಗುರುತು ಈ ಕಟ್ಟಡಕ್ಕೆ ಹೆಚ್ಚಿನ ಪ್ರಸಿದ್ಧಿ ತಂದಿದೆ. ತಾನು ನಿರಪರಾಧಿಯೆಂದು ಸಾರಲು ನೇಣಿಗೆ ಹೊರಟ ಕೈದಿಯೊಬ್ಬ ಅದನ್ನು ಒತ್ತಿದನೆಂದೂ, ಎಷ್ಟು ತೊಳೆದರೂ ಬಣ್ಣ ಬಳಿದರೂ ಅದು ಮತ್ತೆ ಮೂಡುತ್ತದೆಂದೂ ಪ್ರತೀತಿ. ಆ ಕೈದಿ ಕ್ಯಾಂಪ್‌ಬೆಲ್ ಎಂದು ಕೆಲವರು, ಫಿಷರ್ ಎಂದು ಕೆಲವರು ಹೇಳುವುದುಂಟು. ಇದನ್ನು ಚಾರಿತ್ರಿಕ ಸಾಕ್ಷ್ಯವಾಗಿ ಸ್ವೀಕರಿಸಲಾಗದು. ಆದರೆ ನ್ಯಾಯಾಲಯದ ತೀರ್ಪನ್ನು ಒಪ್ಪದ ಸಮುದಾಯವೊಂದು ತನ್ನ ಅಸಮ್ಮತಿಯನ್ನು ತಲೆಮಾರುಗಳವರೆಗೆ ಕಾಪಾಡಿಕೊಂಡ ಬಗೆಯಾಗಿ ಐತಿಹ್ಯಕ್ಕೂ ಬೆಲೆಯಿದೆ.

ಆದರೆ ಐತಿಹ್ಯ ಅಪರಾಧಿಯೋ ನಿರಪರಾಧಿಯೋ ಎಂಬ ಪ್ರಶ್ನೆಯಲ್ಲಿಯೇ ನಿಲ್ಲುತ್ತದೆ. ಸಂಶೋಧನೆ ಅದಕ್ಕಿಂತ ಮುಂದೆ ಸಾಗಿದೆ. 1998ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಕೆವಿನ್ ಕೆನ್ನಿ, ಹಿಂಸಾಕೃತ್ಯಗಳು ನಡೆದದ್ದು ನಿಜವೆಂದು ಒಪ್ಪುತ್ತಲೇ, ಅವುಗಳ ಮೂಲವನ್ನು ಐರ್ಲೆಂಡಿನ ಗ್ರಾಮೀಣ ಪ್ರತಿರೋಧದ ಪರಂಪರೆಯಲ್ಲಿ ಗುರುತಿಸುತ್ತಾರೆ. ಕೃತ್ಯ ನಿಜವಿದ್ದರೂ ವಿಚಾರಣೆ ನಿಷ್ಪಕ್ಷಪಾತವಾಗಿರಬೇಕು ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಪಾಟ್ಸ್‌ವಿಲ್‌ನಲ್ಲಿ 1878ರಲ್ಲಿ ನೇಣಿಗೇರಿದ ಜಾನ್ ಕಿಹೋನಿಗೆ ಪೆನ್ಸಿಲ್ವೇನಿಯಾದ ರಾಜ್ಯಪಾಲ ಮಿಲ್ಟನ್ ಶಾಪ್ 1979ರಲ್ಲಿ ಮರಣೋತ್ತರ ಕ್ಷಮಾದಾನ ನೀಡಿದ್ದು ಈ ಪ್ರಶ್ನೆಗೆ ತಡವಾಗಿ ದೊರೆತ ಮನ್ನಣೆ.

ಉಪಸಂಹಾರ

1954ರಲ್ಲಿ ಪಟ್ಟಣ ಹೆಸರಾಂತ ಕ್ರೀಡಾಪಟು ಜಿಮ್ ಥೋರ್ಪ್‌ನ ಹೆಸರನ್ನು ತಳೆಯಿತು. 1974ರಲ್ಲಿ ಕಾರಾಗೃಹ ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 1995ರವರೆಗೂ ಸೆರೆಮನೆಯಾಗಿಯೇ ಬಳಕೆಯಲ್ಲಿದ್ದು, ಆನಂತರ ವಸ್ತುಸಂಗ್ರಹಾಲಯವಾಯಿತು. ಕೌಂಟಿಯ ಜನರ ತೆರಿಗೆಯಿಂದ ನಿಂತ ಈ ಗೋಡೆಗಳು ಕಾನೂನಿನ ಸಾರ್ವಭೌಮತ್ವವನ್ನು ಸಾರಬೇಕಿತ್ತು. 1877ರಿಂದ 1879ರವರೆಗಿನ ಎರಡು ವರ್ಷಗಳಲ್ಲಿ ಅವು ಆ ಸಾರ್ವಭೌಮತ್ವ ಕಂಪನಿಗಳ ಕೈಸೇರಿದ್ದಕ್ಕೆ ಸಾಕ್ಷಿಯಾದವು. ಈ ಕಟ್ಟಡದ ಚಾರಿತ್ರಿಕ ಮಹತ್ವವನ್ನು ಗೋಡೆಯ ಗುರುತಿಗಿಂತ ಹೆಚ್ಚಾಗಿ ಇಲ್ಲಿ ಕಾಣಬೇಕಾಗಿದೆ.