ಎಲ್ಲ ದಾರಿಗೂ ಒಂದೇ ಮೌಂಟನ್ ಬೈಕ್: ಬಾಳಿಕೆ ಬರುವುದು ಯಾವುದು?

ಸೈಕಲ್ ಅಂಗಡಿಗೆ ಹೋಗಿ "ಗಟ್ಟಿಯಾಗಿರೋ ಒಂದು ಎಂಟಿಬಿ ತೋರಿಸಿ" ಅಂದರೆ ಹೆಚ್ಚಾಗಿ ಮೊದಲು ಮುಂದೆ ಬರುವ ಸೈಕಲ್ ಹೀಗಿರುತ್ತದೆ: ದಪ್ಪ ಟೈರು, ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್, ಫ್ರೇಮಿನ ಮೇಲೆ ದೊಡ್ಡ ಅಕ್ಷರದಲ್ಲಿ "21 ಸ್ಪೀಡ್". ನೋಡಿದರೆ ಬೆಟ್ಟವನ್ನೇ ಹತ್ತಿಬಿಡುವ ಹಾಗಿರುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಸೈಕಲ್ ಅಪಾರ್ಟ್‌ಮೆಂಟಿನ ಕೆಳಗಡೆ ಧೂಳು ತಿನ್ನುತ್ತಾ ನಿಂತಿರುತ್ತದೆ.

ಕೊಳ್ಳುವವರ ಬೇಡಿಕೆ ವಿಚಿತ್ರವೇನಲ್ಲ. ವಾರವಿಡೀ ಆಫೀಸಿಗೆ ಹೋಗಿಬರಬೇಕು, ಭಾನುವಾರ ನಂದಿಬೆಟ್ಟ ಹತ್ತಬೇಕು, ಆಗೊಮ್ಮೆ ಈಗೊಮ್ಮೆ ತುರಹಳ್ಳಿಯಂಥ ಕಡೆ ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಬೇಕು, ರಜೆ ಸಿಕ್ಕರೆ ಬ್ಯಾಗ್ ಕಟ್ಟಿಕೊಂಡು ಮಲೆನಾಡಿನ ಕಡೆ ನಾಲ್ಕು ದಿನ ಸುತ್ತಬೇಕು. ಇದಕ್ಕೆಲ್ಲ ಬೇರೆ ಬೇರೆ ಸೈಕಲ್ ಇಡಲು ಮನೆಯಲ್ಲಿ ಜಾಗವೂ ಇಲ್ಲ, ಜೇಬಿನಲ್ಲಿ ದುಡ್ಡೂ ಇಲ್ಲ. ಒಂದೇ ಸೈಕಲ್, ಹತ್ತು ವರ್ಷ. ಇದು ಸಾಧ್ಯವೇ? ಸಾಧ್ಯ. ಆದರೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಲಕ್ಷಣಗಳನ್ನು ನೋಡಿ ಆರಿಸಿದರೆ ಆಗುವುದಿಲ್ಲ.

ಬಾಳಿಕೆ ಎಂದರೆ ಏನು?

ಸೈಕಲ್ಲಿನಲ್ಲಿ ಎರಡು ಬಗೆಯ ಭಾಗಗಳಿವೆ. ಫ್ರೇಮ್, ಹ್ಯಾಂಡಲ್‌ನಂಥವು ಸರಿಯಾಗಿ ತಯಾರಾಗಿದ್ದರೆ ದಶಕಗಟ್ಟಲೆ ಇರುತ್ತವೆ. ಚೈನ್, ಹಲ್ಲಿನ ಚಕ್ರಗಳು, ಬ್ರೇಕ್ ಪ್ಯಾಡ್, ಟೈರು, ಕೇಬಲ್, ಬೇರಿಂಗ್‌ಗಳು ಎಷ್ಟೇ ದುಬಾರಿಯದಾದರೂ ಸವೆದೇ ಸವೆಯುತ್ತವೆ. ಹಾಗಾಗಿ "ಇದು ಮುರಿಯುತ್ತದೆಯೇ?" ಎಂಬ ಪ್ರಶ್ನೆಗಿಂತ "ಇದರ ಸವೆಯುವ ಭಾಗ ಆರು ವರ್ಷದ ನಂತರ ನಮ್ಮೂರಲ್ಲಿ ಸಿಗುತ್ತದೆಯೇ, ಅದನ್ನು ಹಾಕಿಕೊಡುವವರು ಇದ್ದಾರೆಯೇ?" ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೌಂಟನ್ ಬೈಕ್ ಹುಟ್ಟಿದ ಕತೆಯಲ್ಲೇ ಇದು ಕಾಣುತ್ತದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು 1930-40ರ ಕಾಲದ ಹಳೆಯ ಶ್ವಿನ್ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಸ್ಪರ್ಧೆಯ ಹೆಸರು "ರಿಪ್ಯಾಕ್". ಹಿಂದಿನ ಚಕ್ರದ ಹಬ್ಬಿನೊಳಗಿದ್ದ ಬ್ರೇಕು ಒಂದು ಸಲ ಗುಡ್ಡ ಇಳಿಯುವಷ್ಟರಲ್ಲಿ ಎಷ್ಟು ಕಾಯುತ್ತಿತ್ತೆಂದರೆ, ಒಳಗಿನ ಗ್ರೀಸ್ ಹೊಗೆಯಾಗಿ ಹೋಗಿ ಮತ್ತೆ ತುಂಬಿಸಬೇಕಾಗುತ್ತಿತ್ತು. ಅದರಿಂದಲೇ ಆ ಹೆಸರು. ಮೂವತ್ತು ವರ್ಷ ಹಳೆಯ ಫ್ರೇಮುಗಳ ಸುತ್ತ ಅವರು ಒಳ್ಳೆಯ ಬ್ರೇಕು, ಗೇರು ಹುಡುಕಿ ಜೋಡಿಸುತ್ತಾ ಹೋದರು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಇಂಥ ಸೈಕಲ್ ಎಲ್ಲರ ಕೈಗೂ ಸಿಗತೊಡಗಿತು.

ಹೆಚ್ಚು ಗೇರ್ ಇದ್ದರೆ ಬೆಟ್ಟ ಹತ್ತುವುದು ಸುಲಭವೇ?

ಇದು ಅತಿ ಹೆಚ್ಚು ಜನ ನಂಬಿರುವ ಮಾತು. ಸ್ವಲ್ಪ ಲೆಕ್ಕ ಮಾಡಿ ನೋಡೋಣ.

ಅಗ್ಗದ 21 ಗೇರಿನ ಸೈಕಲ್‌ನಲ್ಲಿ ಸಾಮಾನ್ಯವಾಗಿ ಮುಂದೆ 42, 34, 24 ಹಲ್ಲಿನ ಮೂರು ಚಕ್ರಗಳು, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಚಕ್ರಗಳು ಇರುತ್ತವೆ. ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತುತ್ತದೆ ಎಂದು ಸಿಗುತ್ತದೆ. 42ನ್ನು 28ರಿಂದ ಭಾಗಿಸಿ: 1.5. ಈಗ 24ನ್ನು 16ರಿಂದ ಭಾಗಿಸಿ: ಮತ್ತೆ 1.5. ಎರಡು ಬೇರೆ ಗೇರ್ ಅಂತ ಲೆಕ್ಕಕ್ಕೆ ಬಂದರೂ ಕಾಲಿಗೆ ಎರಡೂ ಒಂದೇ. ಹೀಗೆ ಒಂದರ ಮೇಲೊಂದು ಬೀಳುವವನ್ನು ತೆಗೆದರೆ 21ರಲ್ಲಿ ಉಳಿಯುವುದು ಸುಮಾರು 14.

ಇನ್ನೂ ಮುಖ್ಯವಾದದ್ದು ಅತಿ ಹಗುರ ಗೇರ್. ಇದರಲ್ಲಿ ಅದು 24 ಭಾಗಿಸು 28, ಅಂದರೆ 0.86. 26 ಇಂಚಿನ ಚಕ್ರವಾದರೆ ಒಂದು ತುಳಿತಕ್ಕೆ (ಪೆಡಲ್ಲಿನ ಪೂರ್ತಿ ಒಂದು ಸುತ್ತಿಗೆ) ಸೈಕಲ್ ಸುಮಾರು 1.8 ಮೀಟರ್ ಮುಂದೆ ಹೋಗುತ್ತದೆ. ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 10ರಿಂದ 51 ಹಲ್ಲಿನ ಹನ್ನೆರಡು ಚಕ್ರ ಇರುವ ಇನ್ನೊಂದು ಸೈಕಲ್ ತೆಗೆದುಕೊಳ್ಳಿ. ಅದರ ಅತಿ ಹಗುರ ಗೇರ್ 0.63. ಚಕ್ರ 29 ಇಂಚಿನಷ್ಟು ದೊಡ್ಡದಾದರೂ ಒಂದು ತುಳಿತಕ್ಕೆ ಸುಮಾರು 1.4 ಮೀಟರ್. ಕಡಿದಾದ ಏರಿನಲ್ಲಿ ಈ 40 ಸೆಂಟಿಮೀಟರ್ ವ್ಯತ್ಯಾಸವೇ ಕೂತು ಹತ್ತುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ವ್ಯತ್ಯಾಸ. 12 ಗೇರಿನ ಸೈಕಲ್ 21 ಗೇರಿನದಕ್ಕಿಂತ ಬೆಟ್ಟ ಹತ್ತಲು ಸುಲಭ!

ಹಾಗಂತ ಎಲ್ಲರೂ 12 ಗೇರಿನದನ್ನೇ ತೆಗೆದುಕೊಳ್ಳಬೇಕೆಂದಲ್ಲ. ಆ ಚೈನ್ ತೆಳು, ಹಿಂದಿನ ಚಕ್ರಗಳ ಗೊಂಚಲು (ಕ್ಯಾಸೆಟ್) ದುಬಾರಿ. ದಿನಬಳಕೆಗೂ ಬೆಟ್ಟಕ್ಕೂ ಒಂದೇ ಸೈಕಲ್ ಎನ್ನುವವರಿಗೆ ಹಿಂದೆ 9 ಅಥವಾ 10 ಗೇರ್, ಮುಂದೆ ಒಂದು ಇಲ್ಲವೇ ಎರಡು ಚಕ್ರ ಇರುವ ಜೋಡಣೆ ನನ್ನ ಪ್ರಕಾರ ಹದವಾದದ್ದು. ಉದಾಹರಣೆಗೆ ಮುಂದೆ 36/22, ಹಿಂದೆ 11-36 ಇದ್ದರೆ ಅತಿ ಹಗುರ ಗೇರ್ 0.61. ಹನ್ನೆರಡು ಗೇರಿನದಕ್ಕಿಂತಲೂ ಹಗುರ, ಬಿಡಿಭಾಗದ ಬೆಲೆಯೂ ಕಡಿಮೆ.

ಒಂದು ವಿಷಯ ಮಾತ್ರ ಅಂಗಡಿಯಲ್ಲೇ ಕೇಳಿ ತಿಳಿದುಕೊಳ್ಳಿ: ಹಿಂದಿನ ಚಕ್ರದಲ್ಲಿರುವುದು ಫ್ರೀವೀಲೋ, ಕ್ಯಾಸೆಟ್ಟೋ? ಹಳೆಯ ಬಗೆಯ ಫ್ರೀವೀಲ್ ಹಬ್ಬಿಗೆ ತಿರುಪಿನಂತೆ ಕೂರುತ್ತದೆ. ಅದರಲ್ಲಿ ಚೈನ್ ಕಡೆಯ ಬೇರಿಂಗ್ ಆಕ್ಸಲ್ಲಿನ ತುದಿಯಿಂದ ಬಹಳ ಒಳಗೆ ಇರುವುದರಿಂದ ಗುಂಡಿಗೆ ಬಿದ್ದಾಗೆಲ್ಲ ಆಕ್ಸಲ್ ಬಾಗುತ್ತದೆ, ಕೊನೆಗೊಂದು ದಿನ ತುಂಡಾಗುತ್ತದೆ. ಕ್ಯಾಸೆಟ್ ಬಗೆಯಲ್ಲಿ ಬೇರಿಂಗ್ ತುದಿಗೆ ಹತ್ತಿರ ಇರುತ್ತದೆ. ಭಾರದ ಬ್ಯಾಗ್ ಕಟ್ಟಿಕೊಂಡು ಹೋಗುವವರು ಫ್ರೀವೀಲ್ ಇರುವ ಸೈಕಲ್ ಬಿಟ್ಟುಬಿಡುವುದು ವಾಸಿ.

ಎರಡು ಕಡೆ ಶಾಕ್ ಅಬ್ಸಾರ್ಬರ್ ಇದ್ದರೆ ಒಳ್ಳೆಯದಲ್ಲವೇ?

ಒಳ್ಳೆಯದಾಗಿದ್ದರೆ ಒಳ್ಳೆಯದು. ಅಗ್ಗದ್ದಾಗಿದ್ದರೆ ಇಲ್ಲದಿರುವುದೇ ಮೇಲು.

ಸಸ್ಪೆನ್ಷನ್ ಮಾಡಬೇಕಾದ ಕೆಲಸ ಎರಡು. ಸ್ಪ್ರಿಂಗ್ ಕುಗ್ಗಿ ಹೊಡೆತವನ್ನು ತಾಳಿಕೊಳ್ಳುವುದು ಮೊದಲನೆಯದು. ಕುಗ್ಗಿದ ಸ್ಪ್ರಿಂಗ್ ಪಟ್ಟನೆ ಹಾರದಂತೆ ತಡೆಹಿಡಿಯುವುದು ಎರಡನೆಯದು. ಈ ಎರಡನೆಯ ಕೆಲಸ ಮಾಡುವುದು ಡ್ಯಾಂಪರ್: ಒಳಗಿನ ಎಣ್ಣೆ ಸಣ್ಣ ತೂತುಗಳ ಮೂಲಕ ಹಾಯುವಾಗ ಹೊಡೆತದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಎಣ್ಣೆ ಸೋರಿಹೋದ ಬೈಕಿನ ಶಾಕ್ ಅಬ್ಸಾರ್ಬರ್ ಹಂಪ್ ದಾಟಿದ ಮೇಲೆ ಹೇಗೆ ಕುಪ್ಪಳಿಸುತ್ತದೆಂದು ನೀವು ನೋಡಿರಬಹುದು. ಅತಿ ಅಗ್ಗದ ಎಷ್ಟೋ ಸೈಕಲ್‌ಗಳ ಸಸ್ಪೆನ್ಷನ್ ಹೊಸದಾಗಿದ್ದಾಗಲೇ ಹಾಗಿರುತ್ತದೆ, ಏಕೆಂದರೆ ಅದರಲ್ಲಿ ಸ್ಪ್ರಿಂಗ್ ಬಿಟ್ಟರೆ ಬೇರೇನೂ ಇಲ್ಲ. ಕಲ್ಲಿನ ಇಳಿಜಾರಿನಲ್ಲಿ ಚಕ್ರ ನೆಲ ಬಿಟ್ಟು ಹಾರಿದರೆ ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ತಿರುವೂ ಇಲ್ಲ. ಬೀಳುವುದು ಸವಾರ.

ಹಿಂದಿನ ಸಸ್ಪೆನ್ಷನ್ ಇದ್ದರೆ ಫ್ರೇಮಿನಲ್ಲೇ ಅಲ್ಲಾಡುವ ಕೀಲುಗಳು ಬರುತ್ತವೆ. ಪ್ರತಿ ಕೀಲಿಗೂ ಬೇರಿಂಗ್ ಅಥವಾ ಬುಷ್. ನಮ್ಮ ಕೆಂಪುಮಣ್ಣಿನ ಕೆಸರು ಒಳಗೆ ಹೋದರೆ ಅದು ಉಜ್ಜುಕಾಗದದ ಕೆಲಸ ಮಾಡುತ್ತದೆ. ಒಳ್ಳೆಯ ಕಂಪನಿಗಳೇ ತಮ್ಮ ಎಷ್ಟೋ ಫೋರ್ಕ್‌ಗಳಿಗೆ 50 ಗಂಟೆ ಸವಾರಿಗೊಮ್ಮೆ ಸಣ್ಣ ಸರ್ವೀಸ್, 200 ಗಂಟೆಗೊಮ್ಮೆ ಪೂರ್ತಿ ಸರ್ವೀಸ್ ಎಂದು ಹೇಳುತ್ತವೆ. ದಿನಕ್ಕೆ ಒಂದು ಗಂಟೆ ಆಫೀಸಿಗೆ ಓಡಿಸುವವರಿಗೆ 50 ಗಂಟೆ ಎಂದರೆ ಎರಡೇ ಎರಡು ತಿಂಗಳು!

ಆದ್ದರಿಂದ ಒಂದೇ ಸೈಕಲ್ ಇಟ್ಟುಕೊಳ್ಳುವವರಿಗೆ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬಗೆ ಸರಿ. 100ರಿಂದ 120 ಮಿಲಿಮೀಟರ್ ಕುಗ್ಗುವ, ಎಣ್ಣೆಯ ಡ್ಯಾಂಪರ್ ಇರುವ, ಟಾರು ರಸ್ತೆಯಲ್ಲಿ ಬಿಗಿಮಾಡಲು ಲಾಕ್ ಇರುವ ಫೋರ್ಕ್ ಸಾಕು. ಅಷ್ಟು ಬಜೆಟ್ ಇಲ್ಲವಾದರೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕೂ ಮೋಸವಲ್ಲ. ದಪ್ಪ ಟೈರಿನಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಅದೇ ಅರ್ಧ ಸಸ್ಪೆನ್ಷನ್.

ಸ್ಟೀಲೋ, ಅಲ್ಯೂಮಿನಿಯಮ್ಮೋ?

"ಸ್ಟೀಲ್ ಶಾಶ್ವತ, ಅಲ್ಯೂಮಿನಿಯಂ ಐದು ವರ್ಷಕ್ಕೆ ಬಿರಿಯುತ್ತದೆ" ಎಂಬ ಮಾತಿಗೆ ಒಂದು ವೈಜ್ಞಾನಿಕ ಎಳೆ ಇದೆ. ಲೋಹವನ್ನು ಮತ್ತೆ ಮತ್ತೆ ಬಾಗಿಸಿದರೆ ದಣಿಯುತ್ತದೆ, ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವ ಹಾಗೆ. ಸ್ಟೀಲಿಗೆ ಒಂದು ಮಿತಿ ಇದೆ. ಆ ಮಿತಿಯೊಳಗಿನ ಒತ್ತಡವನ್ನು ಎಷ್ಟು ಲಕ್ಷ ಸಲ ಹಾಕಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಇಲ್ಲಿಯವರೆಗೆ ಮಾತು ನಿಜ.

ಆದರೆ ಇಂಜಿನಿಯರ್‌ಗಳಿಗೂ ಇದು ಗೊತ್ತು. ಅಲ್ಯೂಮಿನಿಯಂ ಸ್ಟೀಲಿನ ಸುಮಾರು ಮೂರನೇ ಒಂದರಷ್ಟೇ ತೂಕ, ಹಾಗಾಗಿ ಕೊಳವೆಗಳನ್ನು ದಪ್ಪ ಮಾಡಿ, ಪ್ರತಿ ಹೊಡೆತಕ್ಕೂ ಅವು ಬಹಳ ಕಡಿಮೆ ಬಾಗುವಂತೆ ಮಾಡುತ್ತಾರೆ. ಒಳ್ಳೆಯ ಅಲ್ಯೂಮಿನಿಯಂ ಫ್ರೇಮ್ ಸಾಧಾರಣ ಬಳಕೆಯಲ್ಲಿ ಹತ್ತು ವರ್ಷ ಬರಲು ಅಡ್ಡಿಯಿಲ್ಲ. ಸ್ಟೀಲಿಗೂ ಶತ್ರು ಇದ್ದಾನೆ: ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ. ಸೀಟಿನ ಕೊಳವೆಯಿಂದ ನೀರು ಇಳಿದು ಒಳಗಿನಿಂದ ತುಕ್ಕು ಹಿಡಿದರೆ ಹೊರಗಿನ ಬಣ್ಣ ನೋಡಿ ಗೊತ್ತಾಗುವುದಿಲ್ಲ. ಕಾರ್ಬನ್ ಫ್ರೇಮ್ ಹಗುರ, ಬಲವೂ ಇದೆ. ಆದರೆ ಕಲ್ಲು ಬಡಿದ ಪೆಟ್ಟು ಒಳಪದರದಲ್ಲಿ ಅಡಗಿ ಕೂರಬಹುದು, ಕ್ಯಾರಿಯರ್ ಕೂರಿಸಲು ತಿರುಪಿನ ತೂತುಗಳೂ ಹಲವದರಲ್ಲಿ ಇರುವುದಿಲ್ಲ.

ಫ್ರೇಮ್ ಯಾವುದೇ ಇರಲಿ, ತೊಳೆಯುವಾಗ ಹ್ಯಾಂಡಲ್ಲಿನ ಕೆಳಗಿನ ಮತ್ತು ಪೆಡಲ್ ಆಕ್ಸಲ್ಲಿನ ಸುತ್ತಲಿನ ಬೆಸುಗೆಗಳ ಮೇಲೆ ಕಣ್ಣಾಡಿಸಿ. ಬಣ್ಣದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಸವಾರಿ ಅಲ್ಲಿಗೇ ನಿಲ್ಲಿಸಿ.

ದಪ್ಪ ಟೈರು ರಸ್ತೆಯಲ್ಲಿ ಎಳೆಯುತ್ತದೆಯೇ?

ಎಳೆಯುವುದು ದಪ್ಪವಲ್ಲ, ಮುಖ್ಯವಾಗಿ ಅದರ ಗುಬುಟುಗಳು ಮತ್ತು ಗಡುಸಾದ ರಬ್ಬರ್ ಪದರ. ನಮ್ಮ ಗುಂಡಿ ತುಂಬಿದ ರಸ್ತೆಗಳಲ್ಲಿ ಕಲ್ಲಿನಂತೆ ಗಾಳಿ ತುಂಬಿದ ತೆಳು ಟೈರು ಪ್ರತಿ ಏರುತಗ್ಗಿಗೂ ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತಿ ಕುಕ್ಕುತ್ತದೆ, ಅದರಲ್ಲೇ ಶಕ್ತಿ ಪೋಲಾಗುತ್ತದೆ. ನಡುವೆ ನಯವಾಗಿ ಅಂಚಿನಲ್ಲಿ ಮಾತ್ರ ಗುಬುಟು ಇರುವ 2.1ರಿಂದ 2.25 ಇಂಚಿನ ಟೈರು ಎರಡೂ ಕಡೆ ಸಾಗುತ್ತದೆ. ಸುಮಾರು 70 ಕೆ.ಜಿ. ತೂಕದವರು ಟಾರು ರಸ್ತೆಗೆ 40 ಪಿಎಸ್‌ಐ ಆಸುಪಾಸು, ಮಣ್ಣುದಾರಿಗೆ 30ರ ಹತ್ತಿರ ಗಾಳಿ ಇಟ್ಟು ನೋಡಿ, ಆಮೇಲೆ ನಿಮಗೆ ಬೇಕಾದಂತೆ ಬದಲಿಸಿಕೊಳ್ಳಿ.

29 ಇಂಚಿನ ಚಕ್ರಕ್ಕೆ ಒಂದು ಅನುಕೂಲವಿದೆ. ಅದರ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 622 ಮಿಲಿಮೀಟರ್. ರಸ್ತೆ ಸೈಕಲ್‌ಗಳ 700ಸಿ ಚಕ್ರದ್ದೂ ಅಷ್ಟೇ. ರಿಮ್ಮಿನ ಅಗಲಕ್ಕೆ ಹೊಂದುವಂಥ ನಯವಾದ ರಸ್ತೆ ಟೈರನ್ನು ಹಾಕಿದರೆ ಅದೇ ಸೈಕಲ್ ದೂರದ ಪ್ರವಾಸಕ್ಕೂ ಸಿದ್ಧ.

ಬ್ರೇಕ್ ವಿಷಯ ಬೇಗ ಮುಗಿಸಬಹುದು: ಡಿಸ್ಕ್ ಇರಲಿ. ರಿಮ್ ಬ್ರೇಕ್ ಮಳೆಗಾಲದ ಕೆಸರಿನಲ್ಲಿ ರಿಮ್ಮನ್ನೇ ತಿನ್ನುತ್ತದೆ, ರಿಮ್ ಹೋದರೆ ಚಕ್ರವನ್ನೇ ಮತ್ತೆ ಕಟ್ಟಿಸಬೇಕು. ಡಿಸ್ಕ್ ಸವೆದರೆ ಡಿಸ್ಕ್ ಬದಲಿಸಿದರಾಯಿತು. ಶಿಮಾನೋದ ಡಿಸ್ಕ್ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಇಳಿದರೆ ತೆಗೆಯಬೇಕು.

ಚೈನ್ ಅಳೆಯುವುದು ಹೇಗೆ?

ಗೇರ್ ವ್ಯವಸ್ಥೆಯ ಆಯಸ್ಸು ನಿಂತಿರುವುದು ಚೈನಿನ ಮೇಲೆ. "ಚೈನ್ ಉದ್ದವಾಗಿದೆ" ಎನ್ನುತ್ತೇವೆ, ಆದರೆ ಲೋಹವೇನೂ ಹಿಗ್ಗಿರುವುದಿಲ್ಲ. ಪ್ರತಿ ಪಿನ್ನಿನ ಸುತ್ತ ಸವೆದ ಸಂದು ಒಟ್ಟು ಸೇರಿ ಉದ್ದವಾದಂತೆ ಕಾಣುತ್ತದೆ. ಅಂಥ ಚೈನ್ ಹಲ್ಲುಗಳಿಗೆ ಸರಿಯಾಗಿ ಕೂರದೆ ಅವನ್ನೂ ತಿನ್ನುತ್ತದೆ. ಚೈನಿನ ಎರಡು ಪಿನ್ನುಗಳ ನಡುವಿನ ಅಂತರ ಅರ್ಧ ಇಂಚು, ಆದ್ದರಿಂದ 24 ಕೊಂಡಿಗಳು ಸರಿಯಾಗಿ 12 ಇಂಚು ಇರಬೇಕು. ಸ್ಟೀಲ್ ಸ್ಕೇಲ್ ಹಿಡಿದು ಅಳೆಯಿರಿ. ಒಂದೂವರೆ ಮಿಲಿಮೀಟರ್ ಹೆಚ್ಚು ಬಂದರೆ ಚೈನ್ ಮಾತ್ರ ಬದಲಿಸಿ ಪಾರಾಗಬಹುದು. ಮೂರು ಮಿಲಿಮೀಟರ್ ಆಗುವವರೆಗೆ ಬಿಟ್ಟರೆ ಕ್ಯಾಸೆಟ್ಟಿಗೂ ದುಡ್ಡು ತೆರಬೇಕಾಗಬಹುದು.

ಅಂಗಡಿಯಿಂದ ಹೊರಡುವ ಮುನ್ನ

ಪೆಡಲ್ ಆಕ್ಸಲ್ ಕೂರುವ ಜಾಗ ತಿರುಪಿನದೋ, ಒತ್ತಿ ಕೂರಿಸುವ ಬಗೆಯದೋ ಕೇಳಿ. ತಿರುಪಿನದನ್ನು ಸಾಮಾನ್ಯ ರಿಪೇರಿ ಅಂಗಡಿಯಲ್ಲೂ ಬದಲಿಸಬಹುದು, ಕಿರಿಕಿರಿ ಸದ್ದೂ ಕಡಿಮೆ. ನಿಮ್ಮ ಎತ್ತರಕ್ಕೆ ಸರಿಹೋಗುವ ಅಳತೆಯ ಫ್ರೇಮ್ ಇಲ್ಲದಿದ್ದರೆ "ಸೀಟು ಏರಿಸಿದರೆ ಸರಿಹೋಗುತ್ತೆ ಸಾರ್" ಎಂಬ ಮಾತಿಗೆ ಒಪ್ಪಬೇಡಿ.

ಕೊನೆಯದಾಗಿ, ಗೇರ್ ಹ್ಯಾಂಗರ್. ಹಿಂದಿನ ಗೇರಿನ ಡಿರೇಲರ್ ಫ್ರೇಮಿಗೆ ತಗುಲಿಕೊಂಡಿರುವ ಬೆರಳುದ್ದದ ಲೋಹದ ತುಂಡು ಇದು. ಸೈಕಲ್ ಬಿದ್ದಾಗ ಫ್ರೇಮ್ ಉಳಿದು ತಾನು ಬಾಗಲೆಂದೇ ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಫ್ರೇಮಿಗೂ ಒಂದೊಂದು ಆಕಾರ, ಮಾದರಿ ಹಳೆಯದಾದ ಮೇಲೆ ಹುಡುಕಿದರೂ ಸಿಗುವುದು ಕಷ್ಟ. ಒಮ್ಮೆ ಮಲೆನಾಡಿನ ಕಾಡುದಾರಿಯಲ್ಲಿ ನನ್ನದು ಮುರಿದು, ಮಳೆಯಲ್ಲಿ ಬಸ್ ಸಿಗುವ ರಸ್ತೆಯವರೆಗೂ ಸೈಕಲ್ ತಳ್ಳಿಕೊಂಡು ಬಂದಿದ್ದೇನೆ. ಸೈಕಲ್ ಕೊಂಡ ದಿನವೇ ಅದೇ ಅಂಗಡಿಯಲ್ಲಿ ಇನ್ನೊಂದು ಹ್ಯಾಂಗರ್ ಕೇಳಿ ತೆಗೆದುಕೊಂಡು, ಸೀಟಿನ ಕೆಳಗಿನ ಚೀಲದಲ್ಲಿ ಹಾಕಿಡಿ. ಅವರ ಬಳಿ ಇಲ್ಲ, ತರಿಸಿಕೊಡಲೂ ಆಗುವುದಿಲ್ಲ ಎಂದರೆ, ಆ ಸೈಕಲ್ಲಿನ ಬೇರೆ ಬಿಡಿಭಾಗಗಳ ಗತಿ ಏನೆಂದು ಅಲ್ಲೇ ನಿಂತು ಕೇಳಿ.