ಪಾರಿವಾಳದ ಬಾಲ, ಬಡಿಗನ ಜಾಣ್ಮೆ

ಎರಡು ಯೋಜನೆಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಂಡರೆ ಅವು ‘ಡವ್‌ಟೇಲ್’ ಆದವು ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಡವ್‌ಟೇಲ್ ಎಂದರೆ ಪಾರಿವಾಳದ ಬಾಲ. ಯೋಜನೆಗೂ ಪಾರಿವಾಳಕ್ಕೂ ಏನು ಸಂಬಂಧ? ಇವೆರಡರ ನಡುವೆ ಒಬ್ಬ ಬಡಿಗ ನಿಂತಿದ್ದಾನೆ.

ವಿದ್ಯಾರ್ಥಿ ಮಿತ್ರರೇ, ಹಳೆಯ ಮೇಜಿನ ಡ್ರಾಯರನ್ನು ಹೊರಗೆಳೆದು ಅದರ ಮೂಲೆಯನ್ನು ನೋಡಿ. ಒಂದು ಹಲಗೆಯ ಅಂಚಿನಲ್ಲಿ ತುದಿಗೆ ಹೋದಂತೆ ಅಗಲವಾಗುವ ಹಲ್ಲುಗಳು. ಇನ್ನೊಂದರಲ್ಲಿ ಅದೇ ಅಳತೆಯ ಕಚ್ಚುಗಳು. ಹಲ್ಲು ಹರಡಿದ ಬಾಲದಂತೆ ಕಾಣುವುದರಿಂದ ಈ ಹೆಸರು. ಡ್ರಾಯರನ್ನು ಎಳೆದಷ್ಟೂ ಹಲ್ಲಿನ ಓರೆ ಬದಿಗಳು ಕಚ್ಚಿಗೆ ಒತ್ತಿಕೊಳ್ಳುತ್ತವೆ, ಜೋಡಣೆ ಬಿಡುವುದಿಲ್ಲ. ಪ್ರಾಚೀನ ಈಜಿಪ್ಟಿನ ಬಡಿಗರಿಗೂ ಈ ಯುಕ್ತಿ ತಿಳಿದಿತ್ತು.

ಮರಗೆಲಸದ ಈ ಮಾತು ರಾಜಕೀಯಕ್ಕೂ ಬಂತು. 1774ರ ಏಪ್ರಿಲ್ 19ರಂದು ಬ್ರಿಟಿಷ್ ಸಂಸತ್ತಿನಲ್ಲಿ ಎಡ್ಮಂಡ್ ಬರ್ಕ್, ಚಾಥಮ್ 1766ರಲ್ಲಿ ರಚಿಸಿದ್ದ ಮಂತ್ರಿಮಂಡಲವನ್ನು ವಿಚಿತ್ರವಾಗಿ ಡವ್‌ಟೇಲ್ ಮಾಡಿದ ಮರಗೆಲಸಕ್ಕೂ ಗಾರೆಯಿಲ್ಲದ ನೆಲಗಟ್ಟಿಗೂ ಹೋಲಿಸಿ ಹಂಗಿಸಿದ. ಅಮೆರಿಕದ ವಸಾಹತುಗಳಿಗೆ ತೆರಿಗೆ ಹೇರುವ ಹಕ್ಕು ಸಂಸತ್ತಿಗಿಲ್ಲ ಎಂದು ವಾದಿಸಿದ್ದವನು ಚಾಥಮ್. ಅವನು ಕಾಯಿಲೆ ಬಿದ್ದಾಗ, 1767ರಲ್ಲಿ, ಅವನದೇ ಮಂತ್ರಿಮಂಡಲದ ಚಾರ್ಲ್ಸ್ ಟೌನ್‌ಶೆಂಡ್ ಆ ವಸಾಹತುಗಳಿಗೆ ಹೋಗುವ ಚಹಾ, ಗಾಜು, ಕಾಗದಗಳ ಮೇಲೆ ಸುಂಕ ಹಾಕಿದ. ಆ ಜಗಳವೇ ಬೆಳೆದು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ದಾರಿಯಾಯಿತು.

ಹಾಗಾದರೆ ಗಾರೆಯಿಲ್ಲದ್ದೇ ದೋಷವೇ? ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನೂ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ದೇವಾಲಯವನ್ನೂ ನೋಡಿ. ಕಲ್ಯಾಣ ಚಾಲುಕ್ಯರ ಶೈಲಿಯ ಈ ಗುಡಿಗಳಲ್ಲಿ ಕಲ್ಲುಗಳು ಗಾರೆಯಿಲ್ಲದೆಯೇ ಕೂತಿವೆ. ಅಳತೆ ತಪ್ಪದ ಕೆತ್ತನೆ, ಮೇಲಿನ ಕಲ್ಲಿನ ಭಾರ, ಇವೆರಡೇ ಶತಮಾನಗಳಿಂದ ಅವನ್ನು ಹಿಡಿದಿವೆ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತು ತರುತ್ತಿದ್ದ ಚಕ್ಕಡಿಯ ಗಾಲಿಯಲ್ಲೂ ಇದೇ ಪಾಠ. ಅರಗಳ ತುದಿಗಳು ನಡುವಿನ ದಿಮ್ಮಿಯ ಕುಳಿಗಳಲ್ಲಿ ಕೂರುತ್ತವೆ. ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ದರೆ, ಅದು ಕುಗ್ಗಿ ಎಲ್ಲವನ್ನೂ ಬಿಗಿಯುತ್ತದೆ. ಶಾಖದಿಂದ ಲೋಹ ಹಿಗ್ಗುವ ನಿಯಮವನ್ನು ಪಠ್ಯಪುಸ್ತಕ ಓದದ ಕೈಗಳೂ ಬಲ್ಲವು. ಚಾಥಮನ ಮಂತ್ರಿಮಂಡಲದಲ್ಲಿ ಇಲ್ಲದೆ ಹೋದದ್ದು ಗಾರೆಯಲ್ಲ, ಅಳತೆ.

ಕನ್ನಡದಲ್ಲಿ ನಾವು ‘ಮನಸ್ಸುಗಳ ಬೆಸುಗೆ’ ಎನ್ನುತ್ತೇವೆ. ಈ ಮಾತು ಬಂದದ್ದು ಬಡಿಗನ ಮನೆಯಿಂದಲ್ಲ, ಕಮ್ಮಾರನ ಕುಲುಮೆಯಿಂದ. ಬೆಸೆದ ಲೋಹಗಳು ಎರಡಳಿದು ಒಂದಾಗುತ್ತವೆ. ಡವ್‌ಟೇಲಿನ ಹಲಗೆಗಳು ಎರಡಾಗಿಯೇ ಉಳಿಯುತ್ತವೆ, ಆದರೆ ಜೊತೆ ಬಿಡುವುದಿಲ್ಲ. ಆದ್ದರಿಂದ ಇಂಗ್ಲಿಷಿನ ಈ ಮಾತು ಎದುರಾದಾಗ ‘ವಿಲೀನವಾದವು’ ಎಂದು ಅನುವಾದಿಸಬೇಡಿ. ‘ಒಂದಕ್ಕೊಂದು ಕೂಡಿಕೊಂಡವು’ ಎನ್ನಿ. ತನ್ನತನ ಬಿಡದೆ ಇನ್ನೊಬ್ಬರೊಡನೆ ಗಟ್ಟಿಯಾಗಿ ನಿಲ್ಲುವುದು ಸಾಧ್ಯ ಎಂಬುದನ್ನು ಒಂದು ಡ್ರಾಯರಿನ ಮೂಲೆಯೂ ಹೇಳಬಲ್ಲದು.